ಟೀಸಿಯವರ ತೆರಿಗೆ ತಪಾಸಣೆ

"ಈ ವರ್ಷ ನನ್ನ ತೆರಿಗೆ ಲೆಕ್ಕ ನಾನೇ ಮಾಡ್ತೀನಿ. ಯಾರ ಹಂಗೂ ಬೇಡ."

ನಿವೃತ್ತ ಟೀಸಿಯವರು ಈ ಘೋಷಣೆ ಮಾಡಿದ್ದು ತಿಂಗಳ ಮೊದಲ ದಿನ, ಬೆಳಗಿನ ಚಹಾದ ಹೊತ್ತಿಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಪ್ಲಾಟ್‌ಫಾರ್ಮಿನ ಆ ತುದಿಗೂ ಕೇಳಿಸುವ ದನಿಯಲ್ಲಿ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ತಲೆ ನರೆಸಿಕೊಂಡವರು ಅವರು. ಓಣಿಗೆಲ್ಲ ಟೀಸಿ ಎಂದೇ ಪರಿಚಯ. ನಿವೃತ್ತಿಯ ದಿನ ಕರಿ ಕೋಟನ್ನು ಕಳಚಿ ಮೊಳೆಗೆ ನೇತುಹಾಕಿದರೇ ಹೊರತು ಅದರ ಜೊತೆಗಿದ್ದ ಠೀವಿಯನ್ನು ಕಳಚಿರಲಿಲ್ಲ. ಈಗಲೂ ಮನೆಗೆ ಬಂದವರನ್ನು ಅವರು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರೆ, ಬಂದವರು ತಮಗರಿವಿಲ್ಲದೆಯೇ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಲಿಲ್ಲ.

"ಯಾರ ಹಂಗು? ಪ್ರತಿ ವರ್ಷ ನನ್ನ ತಮ್ಮ ಮಾಡಿಕೊಡ್ತಾನೆ. ಒಂದು ಕಾಸು ಮುಟ್ಟಿದಾನಾ?"

"ಅದೇ ಕಷ್ಟ ಆಗಿರೋದು. ಕಾಸು ತಗೊಂಡಿದ್ರೆ ಅಲ್ಲಿಗೆ ಮುಗೀತಿತ್ತು. ನಾಲ್ಕು ಜನ ಸೇರಿದ ಕಡೆಯೆಲ್ಲ 'ಭಾವನ ರಿಟರ್ನ್ ಹಾಕೋದು ನಾನೇ' ಅಂತ ಡಂಗುರ ಹೊಡೀತಾನೆ. ನನ್ನ ಬೂಟಿನ ಲೇಸೂ ಅವನೇ ಕಟ್ಟೋನು ಅಂತ ಜನ ತಿಳ್ಕೊಂಡಿರ್ಬೇಕು."

"ಲೇಸು ನಾನು ಕಟ್ತೀನಿ, ಲೆಕ್ಕ ಅವನು ಬರೀತಾನೆ. ನಿಮಗೆ ಇದರಲ್ಲಿ ತೊಂದರೆ ಏನು?"

ಬಾಮೈದ ಆಡಿಟರ್. ಅಕ್ಕ ಭಾವ ಇಬ್ಬರ ತೆರಿಗೆಯನ್ನೂ ಬೇರೆ ಬೇರೆಯಾಗಿ ಹಾಕುವುದು, ಹಾಕಿದ ಮೇಲೆ ಒಂದು ವಾರ ಹೇಳಿಕೊಂಡು ತಿರುಗುವುದು ಅವನ ವಾರ್ಷಿಕ ಕಾರ್ಯಕ್ರಮ. ಈ ಸಲ ಅದಕ್ಕೆ ಮಂಗಳ ಹಾಡಲೇಬೇಕೆಂದು ಟೀಸಿಯವರು ಪಣ ತೊಟ್ಟಿದ್ದರು. ಊಟದ ಮೇಜಿನ ಮೇಲೆ ಮೂರು ಲೋಟ ಜೋಡಿಸಿ ಹೆಂಡತಿಯನ್ನು ಕೂಡಿಸಿಕೊಂಡರು.

"ನೋಡು, ಇದೇನು ಬ್ರಹ್ಮವಿದ್ಯೆ ಅಲ್ಲ. ಆದಾಯ ಅಂದ್ರೆ ಪ್ರಯಾಣಿಕ. ತೆರಿಗೆ ಅಂದ್ರೆ ಟಿಕೆಟ್. ಈ ಲೋಟ ಪಿಂಚಣಿ. ಇವನು ರಿಸರ್ವೇಷನ್ ಗಿರಾಕಿ. ಮನೆಗೆ ಬರೋ ಮುಂಚೆಯೇ ಅವನ ಟಿಕೆಟ್ ಹರಿದು ಕಳಿಸಿರ್ತಾರೆ. ಈ ಲೋಟ ಡಿಪಾಸಿಟ್ಟಿನ ಬಡ್ಡಿ. ಜನರಲ್ ಬೋಗಿಯವನು. ಬ್ಯಾಂಕಿನವರು ಅಷ್ಟೋ ಇಷ್ಟೋ ಮುರಿದುಕೊಂಡು ಹತ್ತಿಸಿರ್ತಾರೆ, ಮಿಕ್ಕಿದ್ದು ನಾವು ಕಟ್ಟಬೇಕು. ಈ ಮೂರನೇದು ಉಳಿತಾಯ ಖಾತೆ. ಇವನು ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಸುಮ್ನೆ ಕೂತಿದಾನೆ. ಎಲ್ಲಿಗೂ ಹೋಗ್ತಾ ಇಲ್ಲ. ಟಿಕೆಟ್ ಬೇಡ."

"ಆ ಖಾತೆಗೂ ಬಡ್ಡಿ ಬರುತ್ತಲ್ಲ ರೀ?"

"ಬರುತ್ತೆ, ಚೂರುಪಾರು."

"ಅಪ್ಪ ಬೆಂಚಿನ ಮೇಲೆ ಕೂತು ಮಗುನ ಒಂದನ್ನೇ ರೈಲು ಹತ್ತಿಸಿದ್ರೆ, ಆ ಮಗುಗೆ ಟಿಕೆಟ್ ಬೇಡ್ವಾ?"

ಟೀಸಿಯವರು ಮೂರನೇ ಲೋಟವನ್ನೆತ್ತಿ ಅದರಲ್ಲಿದ್ದ ಚಹಾ ಕುಡಿದರು. ಉತ್ತರ ಹೊಳೆಯದಿದ್ದಾಗ ಏನಾದರೂ ಕುಡಿಯುವುದು ಅವರ ಹಳೆಯ ಅಭ್ಯಾಸ.

"ಆ ಖಾತೆ ಮಾತು ಬಿಡು. ಅದರಲ್ಲಿದ್ದದ್ದನ್ನೆಲ್ಲ ಮೊನ್ನೆ ತೆಗೆದು ಐದು ವರ್ಷದ ಡಿಪಾಸಿಟ್‌ಗೆ ಹಾಕಿದೀನಿ. ಐದು ವರ್ಷ ಯಾರೂ ಮುಟ್ಟೋ ಹಾಗಿಲ್ಲ. ಮುಂದಿನ ವರ್ಷದ ತೆರಿಗೆ ಉಳೀತು."

"ನಾಳೆ ಏನಾದ್ರೂ ಅವಸರ ಬಿದ್ರೆ?"

"ಪಿಂಚಣಿ ಇದೆಯಲ್ಲ. ನಮ್ಮಿಬ್ಬರಿಗೆ ಎಂಥಾ ಅವಸರ?"

ಇಷ್ಟಕ್ಕೇ ನಿಂತಿದ್ದರೆ ಕತೆ ಇರುತ್ತಿರಲಿಲ್ಲ. ಟೀಸಿಯವರು ತೆರಿಗೆ ಕಚೇರಿಗೆ ಹೋಗಿ ಅಲ್ಲಿ ಪುಕ್ಕಟೆ ಕೊಡುವ ಕೈಪಿಡಿಯೊಂದನ್ನು ತಂದರು. ಜನ ಸಾಮಾನ್ಯವಾಗಿ ಅಂಥ ಪುಸ್ತಕವನ್ನು ಎಲ್ಲಿ ತೆರಿಗೆ ತಪ್ಪೀತು ಎಂದು ಹುಡುಕುತ್ತ ಓದುತ್ತಾರೆ. ಟೀಸಿಯವರು ಓದಿದ್ದು ಎಲ್ಲಿ ಯಾರು ಅಡಗಿ ಕೂತಿದ್ದಾರೆ ಎಂದು. ಹುಟ್ಟುಗುಣ ಸುಟ್ಟರೂ ಹೋಗದು. ಒಂದು ಮಧ್ಯಾಹ್ನ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು: 'ಗಂಡನು ಹೆಂಡತಿಗೆ ಕೊಟ್ಟ ಹಣದಿಂದ ಬರುವ ಆದಾಯವನ್ನು ಗಂಡನ ಆದಾಯಕ್ಕೆ ಸೇರಿಸತಕ್ಕದ್ದು.' ಹಿಂದೆಲ್ಲ ಬೋಗಿಯ ಕೆಳಗಿನ ಬರ್ತಿನಡಿ ಬಗ್ಗಿ ನೋಡಿದಾಗ ಎರಡು ಕಾಲು ಕಂಡರೆ ಆಗುತ್ತಿದ್ದ ರೋಮಾಂಚನ ಅವರಿಗೆ ಬಹಳ ದಿನಗಳ ಮೇಲೆ ಆಯಿತು.

ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ನೆರೆಯವರ ಪರದೆಗೆ, ಕಾಸು ಮುಟ್ಟದೆ, ಅಂಚು ಹೊಡೆಯುತ್ತಿದ್ದರು.

"ಸಿಕ್ಕಿಬಿದ್ದ," ಎಂದರು ಟೀಸಿ.

"ಯಾರು?"

"ಟಿಕೆಟ್ ಇಲ್ಲದ ಪ್ರಯಾಣಿಕ. ನಿನ್ನ ಡಿಪಾಸಿಟ್‌ನಲ್ಲಿ."

ಯಂತ್ರ ನಿಂತಿತು. ಹೆಂಡತಿಯ ಹೆಸರಿನಲ್ಲಿ ಒಂದು ಡಿಪಾಸಿಟ್ ಇದ್ದದ್ದು ಗುಟ್ಟಿನ ವಿಷಯವೇನಲ್ಲ. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಸಾಕ್ಷಿ ಸಹಿ ಹಾಕಿದವರೇ ಟೀಸಿ. ಅದರ ಬಡ್ಡಿ ಮೂರು ತಿಂಗಳಿಗೊಮ್ಮೆ ಆಕೆಯ ಖಾತೆಗೆ ಬಂದು ಬೀಳುತ್ತಿತ್ತು.

"ಆ ದುಡ್ಡು ನಿನಗೆ ಎಲ್ಲಿಂದ ಬಂತು?" ಟೀಸಿಯವರು ಕೈಗಳನ್ನು ಹಿಂದೆ ಕಟ್ಟಿಕೊಂಡು ವಿಚಾರಣೆ ಶುರುಮಾಡಿದರು.

"ಉಳಿಸಿದ್ದು."

"ಯಾವುದರಲ್ಲಿ?"

"ಮನೆಖರ್ಚಿಗೆ ಕೊಡ್ತಿದ್ರಲ್ಲ, ಅದರಲ್ಲಿ."

"ಯಾರು ಕೊಡ್ತಿದ್ರು?"

"ಇನ್ಯಾರು? ನೀವು."

"ಅಲ್ಲಿಗೆ ಒಪ್ಕೊಂಡ ಹಾಗಾಯ್ತು. ನಾನು ಕೊಟ್ಟ ದುಡ್ಡು, ಅದರ ಬಡ್ಡಿ ನನ್ನ ಆದಾಯ. ರೂಲು ಅಂದ್ರೆ ರೂಲು. ನೀನು ಹೆದರಬೇಡ, ತೆರಿಗೆ ನಾನೇ ಕಟ್ತೀನಿ. ನಿನಗೆ ಕವಡೆ ಕಾಸಿನ ಭಾರ ಇಲ್ಲ."

ಇಷ್ಟು ದೊಡ್ಡ ಮನಸ್ಸಿಗೆ ಹೆಂಡತಿ ಮೆಚ್ಚುಗೆಯಿಂದ ತಲೆದೂಗುತ್ತಾರೆಂದು ಟೀಸಿಯವರು ಕಾದರು. ಆಕೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಭಾರದ ಮಾತಲ್ಲ ರೀ. ಆ ದುಡ್ಡು ಯಾರದು?"

"ಕಾಗದದಲ್ಲಿ ನನ್ನದು ಅಂತಾಗುತ್ತೆ, ಅಷ್ಟೇ. ಮನೆಯೊಳಗೆ ನಿನ್ನದೇ."

"ಮನೆಯೊಳಗೆ ಎಲ್ಲಾ ನಂದೇ. ಕಾಗದದಲ್ಲಿ ನಂದು ಅಂತ ಇರೋದು ಅದೊಂದೇ."

ಮಾತು ಸುಳ್ಳಲ್ಲ. ಮನೆ ಟೀಸಿಯವರ ಹೆಸರಿನಲ್ಲಿತ್ತು. ಕರೆಂಟು, ನೀರು, ಗ್ಯಾಸು, ದಿನಪತ್ರಿಕೆ ಎಲ್ಲವೂ ಅವರ ಹೆಸರಿಗೇ ಬರುತ್ತಿದ್ದವು. ಬಿಲ್ಲು ಕಟ್ಟಲು ಹೋದರೆ ಗುಮಾಸ್ತ ಟೀಸಿಯವರ ಹೆಸರು ಕೂಗುತ್ತಿದ್ದ, ಎದ್ದು ಹೋಗುತ್ತಿದ್ದವರು ಈಕೆ. ಡಿಪಾಸಿಟ್ ಮಾಡಿಸಿದ ದಿನ ಬ್ಯಾಂಕಿನ ಹುಡುಗಿ ಇನಿಷಿಯಲ್ ಸಮೇತ ಆಕೆಯ ಪೂರ್ತಿ ಹೆಸರನ್ನು ಕೂಗಿದಾಗ, ಯಾರನ್ನೋ ಕರೆಯುತ್ತಿದ್ದಾರೆಂದು ಆಕೆ ಸುತ್ತಮುತ್ತ ನೋಡಿದ್ದರು. ಶಾಲೆ ಬಿಟ್ಟ ಮೇಲೆ ಆ ಹೆಸರನ್ನು ಅಷ್ಟು ಉದ್ದಕ್ಕೆ ಯಾರೂ ಕರೆದಿರಲಿಲ್ಲ. ಆಕೆಗೆ ದುಡ್ಡಿನ ಆಸೆಯಿರಲಿಲ್ಲ, ಬಡ್ಡಿಯಲ್ಲಿ ಅರ್ಧಕ್ಕರ್ಧ ಮನೆಗೇ ಸುರಿಯುತ್ತಿದ್ದರು. ಆದರೆ ಆ ಹೆಸರು ಅಲ್ಲಿ ಇರಬೇಕಿತ್ತು. ಅದು ಹೋಗುತ್ತದೆಂದರೆ ಆಕೆಗೆ ನಿಜವಾಗಿ ನೋವಾಯಿತು.

ನೋವಾದಾಗ ಕೂಗಾಡುವ ಪೈಕಿಯಲ್ಲ ಆಕೆ. ಪರದೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ರಿಟರ್ನ್ ಹಾಕೋಕೆ ಕಡೇ ದಿನ ಈ ತಿಂಗಳ ಕೊನೆಗಲ್ವಾ? ಅಲ್ಲೀವರೆಗೂ ಮನೆ ನೀವು ನಡೆಸಿ. ಪಿಂಚಣಿ ಪೂರ್ತಿ ನಿಮ್ಮ ಕೈಯಲ್ಲೇ ಇರಲಿ. ಕೊನೆಗೆ ನಾಲ್ಕು ಕಾಸು ಉಳಿಸಿ ತೋರಿಸಿ. ದುಡ್ಡು ತಾನಾಗೇ ಉಳಿಯುತ್ತೆ, ಉಳಿಸೋರು ಬೇಕಾಗಿಲ್ಲ ಅಂತಾದ್ರೆ ಬಡ್ಡಿ ನಿಮ್ಮದು ಅಂತಲೇ ಬರ್ಕೊಳ್ಳಿ. ನಾನು ತುಟಿ ಪಿಟಕ್ ಅನ್ನಲ್ಲ."

"ನಾಲ್ಕು ಕಾಸು ಯಾಕೆ? ಕಾಲುಭಾಗ ಉಳಿಸಿ ತೋರಿಸ್ತೀನಿ."

ಇರಲಾರದೆ ಇರುವೆ ಬಿಟ್ಟುಕೊಂಡರಂತೆ. ನಮ್ಮ ಟೀಸಿಯವರು ಬಿಟ್ಟುಕೊಂಡದ್ದು ಈರುಳ್ಳಿ.

ಚಿಲ್ಲರೆ ಅಂಗಡಿಯಲ್ಲಿ ಕೊಳ್ಳುವವನು ಮೂರ್ಖ ಎಂಬುದು ಅವರ ಮೊದಲ ಸಂಶೋಧನೆ. ಬೆಳಗಾಗುತ್ತಲೇ ಊರಾಚೆಯ ಸಗಟು ಮಾರುಕಟ್ಟೆಗೆ ಹೋದರು. ಅಲ್ಲಿ ಈರುಳ್ಳಿ ಅರ್ಧ ಬೆಲೆಗೆ ಸಿಗುತ್ತಿತ್ತು, ಆದರೆ ಮೂಟೆ ಲೆಕ್ಕದಲ್ಲಿ. ಟೀಸಿಯವರು ಒಂದು ಮೂಟೆ ಎತ್ತಿಸಿದರು. ಗಾಡಿಯವನ ಬಾಡಿಗೆ, ಎರಡನೇ ಮಹಡಿಗೆ ಹೊತ್ತು ತಂದವನ ಕೂಲಿ, ಹೊತ್ತು ತಂದವನು ಕೇಳಿದ ಚಹಾ ಎಲ್ಲ ಸೇರಿಸಿದರೆ ಬೆಲೆ ಚಿಲ್ಲರೆ ಅಂಗಡಿಯನ್ನು ದಾಟಿ ಸ್ವಲ್ಪ ಮುಂದೆ ಹೋಗಿತ್ತು. ಆ ಕೂಡುವ ಲೆಕ್ಕವನ್ನು ಅವರು ಮುಂದಕ್ಕೆ ಹಾಕಿದರು.

ಹೆಂಡತಿ ಮೂಟೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಇರೋದು ಇಬ್ಬರು. ಇದು ಮುಗಿಯೋ ಹೊತ್ತಿಗೆ ನಮ್ಮಲ್ಲಿ ಒಬ್ಬರು ಮುಗಿದಿರ್ತೀವಿ."

"ಇದೇ ಕಣೇ ಉಳಿತಾಯ ಅಂದ್ರೆ."

"ಉಳಿಯೋದೇನೋ ಖಂಡಿತ," ಎಂದು ಆಕೆ ಒಳಗೆ ಹೋದರು.

ಆ ವಾರ ಮನೆಯಲ್ಲಿ ಬೆಳಿಗ್ಗೆ ಈರುಳ್ಳಿ, ಮಧ್ಯಾಹ್ನ ಈರುಳ್ಳಿ, ಬದಲಾವಣೆ ಇರಲಿ ಎಂದು ರಾತ್ರಿ ಬೇಯಿಸಿದ ಈರುಳ್ಳಿ. ಹೆಚ್ಚುವ ಕೆಲಸವೂ ಟೀಸಿಯವರದೇ. ಜಗಳವಿಲ್ಲದೆಯೇ ಗಂಡ ಹೆಂಡತಿ ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಬಡಿಸಿದ್ದನ್ನು ಆಕೆ ಮರುಮಾತಿಲ್ಲದೆ ತಿನ್ನುತ್ತಿದ್ದರು. ಒಂದು ಕೊಂಕು ನುಡಿದಿದ್ದರೆ ಟೀಸಿಯವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೂಟೆ ಬಂದ ದಿನ ಆಡಿದ್ದೇ ಕೊನೆ, ಆಮೇಲೆ ಆಕೆ ತುಟಿ ಪಿಟಕ್ ಅನ್ನದಿದ್ದದ್ದು ಅವರಿಗೆ ಒಳಗೊಳಗೇ ಕಸಿವಿಸಿ ತಂದಿತು.

ಎರಡನೇ ವಾರ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು.

"ವಾಷರ್ ಸವೆದಿದೆ," ಎಂದರು ಹೆಂಡತಿ, ಹೊಲಿದ ಪರದೆಗಳನ್ನು ಕೊಟ್ಟುಬರಲು ಚಪ್ಪಲಿ ಮೆಟ್ಟುತ್ತ.

"ಗೊತ್ತು," ಎಂದರು ಟೀಸಿ. ಗೊತ್ತಿರಲಿಲ್ಲ.

ಪ್ಲಂಬರನ ಕೂಲಿ ಕೇಳಿ ಬಂದವರು, ಅಷ್ಟು ಕೊಟ್ಟರೆ ಉಳಿದದ್ದೇನು ಎಂದುಕೊಂಡು ತಾವೇ ಸ್ಪ್ಯಾನರ್ ಹಿಡಿದರು. ಜಾಮ್ ಆದ ಬೋಗಿಯ ಬಾಗಿಲುಗಳನ್ನು ಎಷ್ಟೋ ಸಲ ತೆರೆದ ಕೈ ಅದು. ಅದೇ ಜೋರಿನಲ್ಲಿ ತಿರುವಿದರು. ನಲ್ಲಿ ಪೂರ್ತಿಯಾಗಿ ಕಿತ್ತು ಕೈಗೆ ಬಂತು. ನೀರು ಎದುರಿನ ಗೋಡೆಗೆ ಹೊಡೆದು, ಅಲ್ಲಿಂದ ಟೀಸಿಯವರ ಮುಖಕ್ಕೆ ಹೊಡೆದು, ಕೊನೆಗೆ ಈರುಳ್ಳಿ ಮೂಟೆಯ ಬುಡಕ್ಕೆ ಹರಿಯಿತು. ಟೀಸಿಯವರು ಓಡಿಹೋಗಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರು. ಒತ್ತಿದ ಮೇಲೆ ಬಿಡುವಂತಿಲ್ಲ, ಬಿಡದೆ ಯಾರನ್ನೂ ಕರೆಯುವಂತಿಲ್ಲ. ಬೆರಳಿನ ಸಂದಿಯಿಂದ ನೀರು ಚಿಮ್ಮುತ್ತಲೇ ಇತ್ತು. ಚೈನು ಎಳೆದು ಇಡೀ ರೈಲನ್ನು ನಿಲ್ಲಿಸಿದವರಿಗೆ ದಂಡ ಹಾಕಿದ ಮನುಷ್ಯ, ಒಂದು ಪೈಪನ್ನು ನಿಲ್ಲಿಸಲಾರದೆ ಒದ್ದೆ ಬನಿಯನ್ನಿನಲ್ಲಿ ನಿಂತಿದ್ದರು.

ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಗಡಿಯಾರ ರಿಪೇರಿಯವರು ಮೆಟ್ಟಿಲು ಹತ್ತಿ ಬಂದರು. ಬಹಳ ಮೆತ್ತಗಿನ ಮನುಷ್ಯ. ಅಂಗೈಯಲ್ಲಿ ಒಂದು ವಾಚು ಹಿಡಿದಿದ್ದರು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸಾರ್, ನಮ್ಮ ಮನೆಯೊಳಗೆ ಮಳೆ ಬರ್ತಾ ಇದೆ."

"ಒಂದು ನಿಮಿಷ," ಎಂದರು ಟೀಸಿ.

"ನಿಮಿಷದ ಮಾತು ಕಷ್ಟ ಸಾರ್. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ವಾಚುಗಳೆಲ್ಲ ನಿಂತುಬಿಟ್ಟಿವೆ."

ಅಷ್ಟರಲ್ಲಿ ಹೆಂಡತಿ ಬಂದರು. ಅಡುಗೆಮನೆಯಲ್ಲಿ ನಿಂತ ಇಬ್ಬರು ಗಂಡಸರನ್ನು ನೋಡಿದರು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಸಿಂಕಿನ ಅಡಿಗೆ ಬಗ್ಗಿದರು, ಅಲ್ಲಿದ್ದ ಪುಟ್ಟ ತಿರುಗಣಿಯನ್ನು ಬಲಕ್ಕೆ ತಿರುಗಿಸಿದರು. ನೀರು ನಿಂತಿತು.

"ಈಗ ಹೆಬ್ಬೆರಳು ತೆಗೀರಿ," ಎಂದರು.

ಗಡಿಯಾರದವರು ಪರಿಹಾರದ ಸುದ್ದಿಯನ್ನೇ ಎತ್ತಲಿಲ್ಲ. ಒಣಗಿಸಬೇಕು, ಎಣ್ಣೆ ಹಾಕಬೇಕು, ತುಕ್ಕು ಹಿಡಿದ ಭಾಗ ಬದಲಿಸಬೇಕು, ಗಿರಾಕಿಗಳಿಗೆ ಏನು ಹೇಳುವುದು ಎಂದಷ್ಟೇ ತಮ್ಮಷ್ಟಕ್ಕೆ ಗೊಣಗಿದರು. ಆದರೆ ಟೀಸಿಯವರನ್ನು ಒಂದು ವಿಷಯದಲ್ಲಿ ಮೆಚ್ಚಬೇಕು. ಮಂದಿಯ ತಪ್ಪಿಗೆ ದಂಡ ಹಾಕಿ ಹಾಕಿ ಅವರಿಗೆ ತಮ್ಮ ತಪ್ಪಿಗೂ ದಂಡ ಹಾಕಿಕೊಳ್ಳುವುದು ಗೊತ್ತಿತ್ತು. ಆವತ್ತೇ ಕೆಳಗೆ ಹೋಗಿ, ಬೇಡವೆಂದರೂ ಕೇಳದೆ, ಬಿಡಿಭಾಗಗಳ ಖರ್ಚನ್ನು ಪೂರ್ತಿ ಕೊಟ್ಟು ಬಂದರು. ಉಳಿಸಬೇಕಾಗಿದ್ದ ಕಾಲುಭಾಗವೂ ಹೋಯಿತು, ಹಾಲಿಗೆ ಕರೆಂಟಿಗೆ ಇಟ್ಟದ್ದರಲ್ಲೂ ಒಂದು ಪಾಲು ಹೋಯಿತು.

ನೆನೆದ ಈರುಳ್ಳಿಯನ್ನು ಒಣಗಲೆಂದು ನಡುಮನೆಯಲ್ಲಿ, ಮಂಚದ ಕೆಳಗೆ, ಬಾಲ್ಕನಿಯಲ್ಲಿ ಹರಡಿದರು. ಅರ್ಧ ಮೊಳಕೆಯೊಡೆಯಿತು, ಅರ್ಧ ವಾಸನೆ ಹೊಡೆಯಿತು. ಟೀಸಿಯವರು ಚೀಲದಲ್ಲಿ ತುಂಬಿಕೊಂಡು ಮನೆಮನೆಗೆ ಹಂಚಲು ಹೊರಟರು. ಎರಡು ದಿನ ಜನ ಇಸಿದುಕೊಂಡರು. ಮೂರನೇ ದಿನ ಮೆಟ್ಟಿಲ ಮೇಲೆ ಅವರ ಹೆಜ್ಜೆ ಸಪ್ಪಳ ಕೇಳಿದರೆ ಬಾಗಿಲುಗಳು ಮುಚ್ಚಿಕೊಳ್ಳತೊಡಗಿದವು.

ಹೀಗೆ ಕೈ ಖಾಲಿಯಾಗಿದ್ದ ಹೊತ್ತಿನಲ್ಲೇ ಅವರ ಬಿಳಿ ಶರ್ಟಿನ ಕಾಲರ್ ಹಿಂಜಿತು. ಹೊರಗೆ ಹೋಗಲು ಅದೊಂದೇ ನೆಟ್ಟಗಿದ್ದದ್ದು.

"ಹೊಸ ಶರ್ಟಿಗೆ ಈಗ ಎಷ್ಟಾಗುತ್ತೆ?" ಎಂದು ಕೇಳಿದರು, ಬೇರೆ ಯಾರಿಗೋ ಕೇಳುವ ಧಾಟಿಯಲ್ಲಿ.

"ಹೊಸದು ಯಾಕೆ? ಬಿಚ್ಚಿ ಕೊಡಿ ಇಲ್ಲಿ."

ಆಕೆ ಶರ್ಟನ್ನು ಮಡಿಲಲ್ಲಿಟ್ಟುಕೊಂಡು, ಸಣ್ಣ ಕತ್ತರಿಯಿಂದ ಕಾಲರಿನ ಹೊಲಿಗೆ ಬಿಡಿಸಿದರು. ಕಾಲರನ್ನು ಬೇರೆ ಮಾಡಿ, ಹಿಂಜಿದ ಬದಿ ಒಳಗೆ ಹೋಗುವಂತೆ ತಿರುವಿ, ಅದೇ ಜಾಗದಲ್ಲಿ ಕೂರಿಸಿ ಹೊಲಿದರು. ಯಂತ್ರ ನಿಂತಾಗ ಶರ್ಟಿಗೆ ಹೊಸ ಕಾಲರ್ ಬಂದಿತ್ತು. ಟೀಸಿಯವರು ಕುರ್ಚಿ ಎಳೆದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದರು.

"ಇದನ್ನ ಯಾವಾಗಿಂದ ಮಾಡ್ತಿದೀಯ?"

"ನೀವು ಕೆಲಸಕ್ಕೆ ಸೇರಿದಾಗಿಂದ. ನಿಮ್ಮ ಒಂದೊಂದು ಶರ್ಟಿಗೂ ಎರಡೆರಡು ಆಯಸ್ಸು."

"ನನಗೆ ಹೇಳೇ ಇಲ್ವಲ್ಲ."

"ಹೇಳಿದ್ರೆ ಡ್ಯೂಟಿ ಮೇಲೆ ಕಾಲರ್ ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ರಿ. ಹಾಗೆಲ್ಲ ಮುಟ್ಕೊಂಡು ನಿಂತ ಟೀಸಿಗೆ ಯಾರು ಹೆದರ್ತಾರೆ?"

ಟೀಸಿಯವರ ಕಾಲರ್ ಯಾವತ್ತೂ ಹಿಂಜಿರುವುದಿಲ್ಲ ಎಂದು ಡಿವಿಜನ್ನಿನಲ್ಲೆಲ್ಲ ಹೆಸರಾಗಿತ್ತು. ತಾವು ಬಟ್ಟೆಯನ್ನು ನಾಜೂಕಾಗಿ ತೊಡುವುದೇ ಅದಕ್ಕೆ ಕಾರಣವೆಂದು ಹೊಸದಾಗಿ ಸೇರಿದ ಹುಡುಗರಿಗೆ ಅವರು ಉಪದೇಶ ಕೂಡ ಮಾಡಿದ್ದರು. ಈಗ ಆ ಕಾಲರನ್ನು ಬೆರಳಲ್ಲಿ ಹಿಡಿದು ತಿರುವಿ ತಿರುವಿ ನೋಡಿದರು. ಕೊಳ್ಳದೆ ಉಳಿದ ಆ ಶರ್ಟುಗಳ ದುಡ್ಡನ್ನು ತಾವು ಯಾವತ್ತೂ ಆಕೆಗೆ ಕೊಟ್ಟಿರಲಿಲ್ಲ. ಅದನ್ನು ಆಕೆಯೇ ಹುಟ್ಟಿಸಿದ್ದು. ಡಿಪಾಸಿಟ್ಟಿನಲ್ಲಿದ್ದದ್ದು ಇದೇ. ಕಾಲರು, ವಾಷರು, ಒಂದೊಂದೇ ಈರುಳ್ಳಿ. ಅದರ ಮೇಲೆ ಹೋಗಿ ತಮ್ಮ ಹೆಸರು ಬರೆಯಲು ಹೊರಟದ್ದು ನೆನೆದು ಅವರಿಗೆ ನಾಚಿಕೆಯಾಯಿತು. ಹೆಂಡತಿಯ ಮೇಲೆ ಅಕ್ಕರೆ ಎಷ್ಟು ಉಕ್ಕಿತೆಂದರೆ ಹೇಳಲು ಮಾತು ಸಿಗದೆ ಒಂದು ಲೋಟ ನೀರು ಕುಡಿದರು.

ಕಡೇ ದಿನಕ್ಕೆ ಒಂದು ದಿನ ಮುಂಚೆ, ತಿರುವಿದ ಕಾಲರಿನ ಶರ್ಟು ತೊಟ್ಟು, ತಾವೇ ಬರೆದ ಲೆಕ್ಕದ ಹಾಳೆ ಹಿಡಿದು ಟೀಸಿಯವರು ಬಾಮೈದನ ಕಚೇರಿಗೆ ಹೋದರು. ಕೊನೆಯ ಗಳಿಗೆಯ ಗಿರಾಕಿಗಳು ಕಾರಿಡಾರಿನವರೆಗೂ ನಿಂತಿದ್ದರು. ಬಾಮೈದ ಫೈಲುಗಳ ಸಂದಿಯಿಂದ ತಲೆಯೆತ್ತಿದ.

"ಬನ್ನಿ ಭಾವ. ಈ ಸಲ ನಿಮ್ಮದು ನೀವೇ ಹಾಕ್ತೀರಂತೆ, ಅಕ್ಕ ಹೇಳಿದ್ಲು."

"ನನ್ನದು ಹಾಳಾಗಿ ಹೋಗ್ಲಿ. ನಿನ್ನ ಅಕ್ಕನ ಬಡ್ಡಿ ವಿಷಯ ಮಾತಾಡಬೇಕು. ಅದನ್ನ ನಾನು ನನ್ನ ಆದಾಯಕ್ಕೆ ಸೇರಿಸಲ್ಲ. ರೂಲು ಏನು ಬೇಕಾದ್ರೂ ಹೇಳಲಿ. ದಂಡ ಹಾಕ್ತಾರೋ, ಹಾಕ್ಲಿ, ಕಟ್ತೀನಿ. ಆದ್ರೆ ಆ ಕಾಗದದಲ್ಲಿ ಅವಳ ಹೆಸರೇ ಇರಬೇಕು. ಅದಕ್ಕೆ ಏನು ದಾರಿ ಹೇಳು."

ಬಾಮೈದ ಪೆನ್ನು ಕೆಳಗಿಟ್ಟ. ಭಾವನ ಬಾಯಲ್ಲಿ ರೂಲಿನ ವಿರುದ್ಧ ಒಂದು ಮಾತು ಬಂದದ್ದನ್ನು ಅವನು ಇದುವರೆಗೆ ಕೇಳಿರಲಿಲ್ಲ.

"ಭಾವ, ಆ ರೂಲು ಹೆಂಡತಿಗೆ ಉಡುಗೊರೆಯಾಗಿ ಕೊಟ್ಟ ದುಡ್ಡಿಗೆ. ಮನೆ ನಡೆಸೋಕೆ ಅಂತ ಕೊಟ್ಟು, ಅವರು ನಡೆಸಿ ಮಿಗಿಸಿದ್ದು ಮಿಗಿಸಿದವರದ್ದೇ. ಇಷ್ಟು ವರ್ಷ ಅಕ್ಕನ ಹೆಸರಲ್ಲಿ ಬೇರೆ ರಿಟರ್ನ್ ಹಾಕ್ತಿದ್ದದ್ದು ಮತ್ಯಾಕೆ ಅಂದ್ಕೊಂಡ್ರಿ? ಕೈಪಿಡೀಲಿ ಆ ಸಾಲಿನ ಕೆಳಗೇ ಇದೆಯಲ್ಲ. ಓದಲಿಲ್ವಾ?"

"ಕಳ್ಳ ಸಿಕ್ಕ ಮೇಲೆ ಮುಂದಿನ ಬೋಗಿಗೆ ಯಾಕೆ ಹೋಗಲಿ?"

ಬಾಮೈದ ನಗು ತಡೆದುಕೊಂಡ. ಅವನ ಗಿರಾಕಿಗಳು ತಡೆದುಕೊಳ್ಳಲಿಲ್ಲ. ನಗು ಇಳಿದ ಮೇಲೆ ಅವನು ಭಾವನ ಸ್ವಂತ ಲೆಕ್ಕವನ್ನು ಕೈಗೆ ತೆಗೆದುಕೊಂಡು ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ.

"ಟಿಕೆಟ್ ಇಲ್ಲದವನು ಒಬ್ಬ ಇದಾನೆ ಭಾವ. ಅಕ್ಕನ ಡಿಪಾಸಿಟ್‌ನಲ್ಲಲ್ಲ, ನಿಮ್ಮ ಉಳಿತಾಯ ಖಾತೆಯಲ್ಲಿ. ಅದರ ಬಡ್ಡಿ ಬರೆದೇ ಇಲ್ಲ. ನಿಮ್ಮ ಹಳೇ ಡಿಪಾಸಿಟ್ಟಿಗೂ ಬ್ಯಾಂಕಿನವರು ಮುರಿದದ್ದು ಸಾಲದು. ಎರಡೂ ಸೇರಿ ಇಷ್ಟು ಬಾಕಿ." ಅವನು ಒಂದು ಚೀಟಿಯ ಮೇಲೆ ಮೊತ್ತ ಬರೆದು ಮುಂದಿಟ್ಟ. "ನಾಳೆಯೊಳಗೆ ಕಟ್ಟಬೇಕು. ಕೈಯಲ್ಲಿದೆಯಾ? ಇಲ್ಲದಿದ್ರೆ ನಾನು..."

"ಬೇಡ ಬೇಡ," ಎಂದು ಟೀಸಿಯವರು ಎದ್ದುಬಿಟ್ಟರು. ಇವನ ಕೈಯಿಂದ ತೆಗೆದುಕೊಂಡರೆ ಈ ಜನ್ಮದಲ್ಲಿ ಡಂಗುರ ನಿಲ್ಲುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಇತ್ತ ಪಿಂಚಣಿ ಈರುಳ್ಳಿಗೂ ವಾಚುಗಳಿಗೂ ಸಂದಾಯವಾಗಿತ್ತು. ಖಾತೆಯಲ್ಲಿದ್ದದ್ದು ಐದು ವರ್ಷದ ಬೀಗದೊಳಗೆ ಕೂತಿತ್ತು, ಹಳೇ ಡಿಪಾಸಿಟ್ಟನ್ನು ಅವಧಿಗೆ ಮುಂಚೆ ಮುರಿಸಿದರೆ ಅದರ ಬಡ್ಡಿ ಹೋಗುತ್ತಿತ್ತು. ಉಳಿದದ್ದು ಒಂದೇ ಬಾಗಿಲು.

ಸಂಜೆ ಟೀಸಿಯವರು ಹೊಲಿಗೆ ಯಂತ್ರದ ಸುತ್ತ ಸುಳಿದಾಡಿದರು. ಬಿದ್ದ ದಾರದುಂಡೆ ಎತ್ತಿಕೊಟ್ಟರು. ದೀಪ ಹಾಕಿದರು, ಬೆಳಕು ಜಾಸ್ತಿಯಾಯಿತೇನೋ ಎಂದು ಆರಿಸಿದರು, ಮತ್ತೆ ಹಾಕಿದರು.

"ಏನು ಬೇಕು ಹೇಳಿಬಿಡಿ," ಎಂದರು ಹೆಂಡತಿ.

"ನಾಳೆ ತೆರಿಗೆ ಬಾಕಿ ಕಟ್ಟಬೇಕು. ನನ್ನ ಹತ್ರ ಇಲ್ಲ. ಕಾಲುಭಾಗ ಹಾಗಿರಲಿ, ನಾಲ್ಕು ಕಾಸೂ ಉಳಿಸೋಕೆ ಆಗಲಿಲ್ಲ. ಸೋತೆ." ಅಷ್ಟು ಹೇಳಿದ ಮೇಲೆ ಅವರಿಗೆ ಹಗುರವಾಯಿತು. "ಈ ಸಲದ ಬಡ್ಡಿ ಬಂತಾ?"

"ಯಾರ ಬಡ್ಡಿ?"

"ನಿನ್ನ ಬಡ್ಡಿ."

"ಇನ್ನೊಂದು ಸಲ ಹೇಳಿ."

"ನಿನ್ನ ಬಡ್ಡಿ. ನಿನ್ನ ಡಿಪಾಸಿಟ್. ಅದರ ಮೇಲೆ ನಿನ್ನ ಹೆಸರು. ನಾನು ತಪ್ಪು ಮಾಡಿದೆ ಕಣೇ."

ಆಕೆ ಬಟ್ಟೆಯನ್ನು ಕೆಳಗಿಟ್ಟು ಗಂಡನ ಮುಖ ನೋಡಿದರು.

"ತಮ್ಮ ಫೋನ್ ಮಾಡಿದ್ದ. ರೂಲು ಗೊತ್ತಾಗೋ ಮುಂಚೆನೇ, ದಂಡ ಕಟ್ತೀನಿ ಅವಳ ಹೆಸರೇ ಇರಲಿ ಅಂದ್ರಂತೆ, ಅಷ್ಟು ಜನರ ಮುಂದೆ." ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನನಗೆ ತುಂಬಾ ಸಂತೋಷ ಆಯ್ತು ರೀ."

ಬಾಲ್ಕನಿಯ ಕಡೆಯಿಂದ ಈರುಳ್ಳಿ ವಾಸನೆ ಬರುತ್ತಿತ್ತು, ಆದ್ದರಿಂದ ಯಾರ ಕಣ್ಣು ಯಾತಕ್ಕೆ ಒದ್ದೆಯಾಯಿತೆಂದು ಹೇಳುವಂತಿರಲಿಲ್ಲ. ಆಮೇಲೆ ಆಕೆ ಎದ್ದು ಬೀರುವಿನಿಂದ ಚೆಕ್‌ಬುಕ್ಕು ತಂದರು, ಚೀಟಿಯಲ್ಲಿದ್ದ ಮೊತ್ತ ಬರೆದರು, ಅಡಿಯಲ್ಲಿ ತಮ್ಮ ಪೂರ್ತಿ ಹೆಸರನ್ನು ಅವಸರವಿಲ್ಲದೆ ಸಹಿ ಮಾಡಿದರು. ಟೀಸಿಯವರು ಕೈಚಾಚಿದಾಗ ಚೆಕ್ಕನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡರು.

"ಇದು ಸಾಲ. ನೆನಪಿರಲಿ."

"ಗಂಡನಿಗೆ ಸಾಲಾನಾ? ಉಡುಗೊರೆ ಅಂತ ಕೊಡಬಾರದಾ?"

"ಅಯ್ಯೋ, ಉಡುಗೊರೆ ಕೊಟ್ರೆ ನಿಮ್ಮದೇ ರೂಲು ಅಡ್ಡ ಬರುತ್ತಲ್ಲ. ನಿಮ್ಮನ್ನ ತಂದು ನನ್ನ ಆದಾಯಕ್ಕೆ ಸೇರಿಸ್ಕೋಬೇಕಾಗುತ್ತೆ."

"ಸೇರಿಸ್ಕೊ," ಎಂದರು ಟೀಸಿ, ಮೆತ್ತಗೆ. "ನನ್ನ ಅಭ್ಯಂತರ ಇಲ್ಲ."

"ಮದುವೆ ದಿನಾನೇ ಸೇರಿಸ್ಕೊಂಡಾಯ್ತು," ಎಂದರು ಹೆಂಡತಿ, ಚೆಕ್ಕನ್ನು ಅವರ ಕೈಗಿಡುತ್ತ. "ಅವತ್ತಿಂದ ತೆರಿಗೆ ಕಟ್ತಾನೇ ಇದೀನಿ."